ಕಡಮೆ ಶ್ರೇಣಿಯೂ ಕ್ರೆಡಿಟ್ಟಿನ ವರ್ಗಾವಣೆಯೂ

ಜಯನಗರದ ನ್ಯಾಷನಲ್ ಕಾಲೇಜಿನಂತಹ ವಿದ್ಯಾಸಂಸ್ಥೆಗಳಲ್ಲಿ ಪದವಿಯ ವ್ಯಾಸಂಗವನ್ನು ನಡುವೆಯೇ ಬಿಟ್ಟವರು, ತಮ್ಮ ಅಂಕಗಳು ಕಡಮೆಯಾದುದರಿಂದ ಓದಿದುದೆಲ್ಲ ವ್ಯರ್ಥವಾಯಿತೆಂದು ಕೈಚೆಲ್ಲುವುದುಂಟು. ಈ ಭಾವನೆ ಸರಿಯಲ್ಲ. ಕ್ರೆಡಿಟ್ ಎಂಬುದು ತೇರ್ಗಡೆಯಾದ ಪಾಠದ ಪ್ರಮಾಣ. ಶ್ರೇಣಿಯು ಆ ತೇರ್ಗಡೆಯ ಗುಣ. 4 ಕ್ರೆಡಿಟ್ಟಿನ ಪಾಠವೊಂದರಲ್ಲಿ ಹತ್ತಕ್ಕೆ 4ರ ಶ್ರೇಣಿಯಂಕ ಪಡೆದು ತೇರ್ಗಡೆಯಾದವರಿಗೂ 10 ಪಡೆದವರಿಗೂ ದೊರೆಯುವುದು ಅದೇ 4 ಕ್ರೆಡಿಟ್. ಸರಾಸರಿಯೇನೋ ಕುಗ್ಗುತ್ತದೆ, ಅನುತ್ತೀರ್ಣರಾದವರಿಗಂತೂ ಏನೂ ಇಲ್ಲ.

ಯು.ಜಿ.ಸಿ.ಯು 2021ರಲ್ಲಿ ಹೊರಡಿಸಿದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಗಳ ಮೇರೆಗೆ ಈ ಗಳಿಕೆಯನ್ನು ನೋಂದಾಯಿತವಾದ ಮತ್ತೊಂದು ಸಂಸ್ಥೆಗೆ ವರ್ಗಾಯಿಸಬಹುದು. ಪದವಿ ನೀಡುವ ಸಂಸ್ಥೆಯಲ್ಲಿಯೇ ಶೇಕಡ 50ರಷ್ಟನ್ನಾದರೂ ಗಳಿಸತಕ್ಕದ್ದು. ಕ್ರೆಡಿಟ್ಟಿನ ಆಯುಸ್ಸು ಗರಿಷ್ಠ 7 ವರ್ಷ. ಆದಕಾರಣ ಮರಳಿ ಓದಬಯಸುವವರು ಅಂಕಪಟ್ಟಿಯಲ್ಲಿ ಶ್ರೇಣಿಗಿಂತ ಮೊದಲು ಇಸವಿಯನ್ನು ನೋಡಿಕೊಳ್ಳುವುದು ಲೇಸು.