ದುರ್ಯೋಧನನ ಪಾರ್ಟು ಮರೆತಿಲ್ಲ, ಮಗನ ಹೆಸರು ಮರೆತಿದೆ

ಗುಬ್ಬಿ ತಾಲ್ಲೂಕಿನ ಆ ಹಿರಿಯರಿಗೆ ಎಂಬತ್ತು ದಾಟಿದೆ. ಮಗ ಎದುರಿಗೆ ಬಂದು ಕೂತರೆ ‘ಯಾವೂರಾಯ್ತು ತಮ್ಮದು?’ ಎಂದು ಮರ್ಯಾದೆಯಿಂದ ವಿಚಾರಿಸುತ್ತಾರೆ. ಬೆಳಿಗ್ಗೆ ತಿಂದ ರೊಟ್ಟಿ ಮಧ್ಯಾಹ್ನಕ್ಕೆ ನೆನಪಿಲ್ಲ. ಆದರೆ ನಾನು ಹೋದ ದಿನ ಪಕ್ಕದ ಬೀದಿಯ ಹಾರ್ಮೋನಿಯಂ ಮೇಷ್ಟ್ರು ಬಂದು ಶ್ರುತಿ ಹಿಡಿದದ್ದೇ ತಡ, ಅವರ ಬಾಗಿದ ಬೆನ್ನು ನೆಟ್ಟಗಾಯಿತು, ಗದೆ ಹೊತ್ತವರಂತೆ ಬಲಗೈ ಹೆಗಲಿಗೇರಿತು. ಕುರುಕ್ಷೇತ್ರದ ದುರ್ಯೋಧನ! ಕಂದಪದ್ಯ, ಅದರ ಬೆನ್ನಿಗೇ ಮಾತು, ಮತ್ತೆ ಪದ್ಯ. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೂ ತಪ್ಪಲಿಲ್ಲ. ಮುಗಿದ ಮೇಲೆ ಸುತ್ತ ನೋಡಿ, ‘ಕತ್ಲಾಯ್ತು, ನಾನಿನ್ನು ಮನೆಗೆ ಹೋಗ್ತೀನಿ’ ಎಂದರು. ಕೂತಿದ್ದದ್ದು ಅವರೇ ಕಟ್ಟಿಸಿದ ಮನೆಯ ಜಗುಲಿಯ ಮೇಲೆ.

ಅಲ್ಲಿಂದ ಬಂದ ಮೇಲೆ ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಈ ಸೀಮೆಯಲ್ಲಿ ನಾಟಕದ ನೆನಪು ಎಷ್ಟು ಆಳಕ್ಕೆ ಇಳಿದಿದೆ ನೋಡಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಕಂಪನಿಯ ಕಾಲ ಮುಗಿದರೂ ಗುಬ್ಬಿ, ಕುಣಿಗಲ್, ತುಮಕೂರಿನ ಸುತ್ತಿನ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಇನ್ನೂ ನಿಂತಿಲ್ಲ. ಪಾರ್ಟು ಮಾಡುವವರೇ ಕೈಯಿಂದ ದುಡ್ಡು ಹಾಕುತ್ತಾರೆ. ದುರ್ಯೋಧನ, ಕೃಷ್ಣನಂಥ ಪಾರ್ಟಿಗೆ ಹೆಚ್ಚು ಕೊಡಬೇಕು. ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸು, ಸೀನರಿ, ಬೆಳಗಿನ ಜಾವದವರೆಗೆ ಆಟ. ಹೊಲದ ಕೆಲಸ ಮುಗಿಸಿ ಬಂದು ಹೀಗೆ ನೂರಾರು ಸಲ ಹಾಡಿ ಹಾಡಿ ಕಲಿತದ್ದು ಅಷ್ಟು ಸುಲಭಕ್ಕೆ ಅಳಿಸುವುದಿಲ್ಲ.

ಅಪಾಯವೂ ಇಲ್ಲೇ ಇದೆ. ‘ಇಡೀ ಪಾರ್ಟು ಬಾಯಿಪಾಠ ಐತೆ, ನಮ್ಮಪ್ಪಂಗೆ ಮರೆವು ಎಲ್ಲಿ ಸ್ವಾಮಿ?’ ಎಂದು ಮಗ ಬಹುಕಾಲ ಸುಮ್ಮನಿದ್ದರು. ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈಹಾಕುವುದು ಹೊಸ ನೆನಪುಗಳನ್ನು ಕೂಡಿಡುವ ಮೆದುಳಿನ ಭಾಗಕ್ಕೆ. ಹಳೆಯ ಹಾಡುಗಳ ಜಾಗ ಬೇರೆ; ಅದಕ್ಕೆ ಏಟು ತಡವಾಗಿ ಬೀಳುತ್ತದೆ ಎಂದು ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2015ರಲ್ಲಿ ಮೆದುಳಿನ ಚಿತ್ರಗಳನ್ನು ಹೋಲಿಸಿ ತೋರಿಸಿದರು. ಹಾಗಾಗಿ ಐವತ್ತು ವರ್ಷದ ಹಿಂದಿನದು ನೆನಪಿದೆ ಎಂಬುದು ಆರೋಗ್ಯಕ್ಕೆ ಸಾಕ್ಷಿಯಲ್ಲ. ನಿನ್ನೆಯದನ್ನು ಕೇಳಬೇಕು. ನೋಟು ಎಣಿಸಲು ತಡವರಿಸುತ್ತಾರೆಯೇ, ದಿನಾ ಹೋಗುವ ಹೊಲದ ದಾರಿ ತಪ್ಪುತ್ತಾರೆಯೇ, ಕೇಳಿದ್ದನ್ನೇ ಕೇಳುತ್ತಾರೆಯೇ ನೋಡಬೇಕು. ಹಾಡಿನಿಂದ ಕಾಯಿಲೆಯೇ ವಾಸಿಯಾಗುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಜ್ಞಾಪಕಶಕ್ತಿಯ ಟಾನಿಕ್ಕುಗಳನ್ನಂತೂ ಇನ್ನೂ ನಂಬುವುದಿಲ್ಲ. ಆದರೆ ಹಾಡಿದ ಸಂಜೆ ಆ ಹಿರಿಯರು ರೇಗದೆ ಊಟ ಮಾಡುತ್ತಾರೆ ಎಂದು ಸೊಸೆ ಹೇಳಿದರು. ಅದು ಸಣ್ಣ ಮಾತಲ್ಲ.

ಆ ಸೊಸೆಯ ಕಷ್ಟ ಬರೆಯದಿದ್ದರೆ ಈ ಲೇಖನವೇ ಅಪೂರ್ಣ. ಉಂಡು ಕೈತೊಳೆದ ಗಳಿಗೆಗೇ ಮಾವ ಬೀದಿಗೆ ಹೋಗಿ ‘ನನ್ ಸೊಸೆ ಊಟ ಹಾಕ್ಲಿಲ್ಲ’ ಎನ್ನುತ್ತಾರೆ. ಊರು ನಂಬುತ್ತದೆ. ಕಾಯಿಲೆಗೆ ‘ಅರವತ್ತಕ್ಕೆ ಅರಳು ಮರಳು’ ಎಂಬ ಸಮಾಧಾನವಿದೆ, ಆಕೆಗೆ ಬೈಗುಳ ಮಾತ್ರ. ರಾತ್ರಿ ಚಿಲಕದ ಸದ್ದಾದರೆ ಎದ್ದು ಓಡುವವರೂ ಆಕೆಯೇ. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಅನಂತ್‌ನಾಗ್ ಕಳೆದುಹೋದದ್ದನ್ನು ನಾವೆಲ್ಲ ಕಣ್ಣೊರೆಸಿಕೊಂಡು ನೋಡಿದೆವು. ಹೆದ್ದಾರಿ ಮೇಲಿನ ಕುಣಿಗಲ್‌ನಲ್ಲಿ ಬಸ್ಸು ಹತ್ತಿದ ಮರೆವಿನ ಅಜ್ಜ ಹಾಸನದಲ್ಲಿ ಇಳಿಯಬಹುದು, ಬೆಂಗಳೂರಿನಲ್ಲೂ ಇಳಿಯಬಹುದು. ಜೇಬಿನಲ್ಲಿ ಮನೆಯ ಫೋನ್ ನಂಬರ್ ಬರೆದ ಚೀಟಿ ಇಟ್ಟು ಕಳಿಸಲು ಖರ್ಚೇನೂ ಇಲ್ಲ.

ಆಲೋಯಿಸ್ ಅಲ್ಝೈಮರ್ ಈ ಕಾಯಿಲೆಯನ್ನು ವೈದ್ಯರ ಸಭೆಯ ಮುಂದಿಟ್ಟದ್ದು 1906ರಲ್ಲಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ (ಅಲ್ಝೈಮರ್‌ನಂಥ ಮರೆವಿನ ಕಾಯಿಲೆ) ಇದೆ. ಪೇಟೆಗಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕೋಲಾರದ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಹಳ್ಳಿಗರನ್ನು ವರ್ಷಾನುವರ್ಷ ಪರೀಕ್ಷಿಸುತ್ತಿದೆ. 2022ರಲ್ಲಿ ಸರ್ಕಾರವೂ ನಿಮ್ಹಾನ್ಸೂ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದವು. ಒಳ್ಳೆಯ ಹೆಜ್ಜೆಗಳೇ. ಆದರೆ ಆ ಜಗುಲಿಯವರೆಗೆ ಮಾಹಿತಿ ತಲುಪಿಸಬಲ್ಲವರು ಆಶಾ ಕಾರ್ಯಕರ್ತೆಯರು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರಿಗೆ ಈ ಕಾಯಿಲೆಯ ತರಬೇತಿಯೂ ಅದಕ್ಕೆ ತಕ್ಕ ಗೌರವಧನವೂ ಸಿಗಬೇಕು.

ಮರೆವೆಲ್ಲ ಅಲ್ಝೈಮರ್ ಅಲ್ಲ. ಥೈರಾಯ್ಡ್ ಏರುಪೇರು, ಬಿ-12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ಬಿ.ಪಿ., ಸಕ್ಕರೆ ಹತೋಟಿಯಲ್ಲಿಟ್ಟರೆ, ಕಿವಿ ಮಂದವಾದಾಗ ಶ್ರವಣಯಂತ್ರ ಹಾಕಿಸಿದರೆ ಡಿಮೆನ್ಶಿಯಾದ ಅಪಾಯವೂ ತಗ್ಗುತ್ತದೆ. ಆದ್ದರಿಂದ ಮೊದಲು ತಪಾಸಣೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವಂತೆ ಮಾಡಿದ್ದು ಮಂಗಳವಾರದ ‘ಮನೋಚೈತನ್ಯ’ ಯೋಜನೆ. ಗುಬ್ಬಿ, ಕುಣಿಗಲ್‌ನವರು ಮೊದಲು ಅಲ್ಲಿ ವಿಚಾರಿಸಲಿ. ತುಮಕೂರಿನವರಿಗೆ ಜಿಲ್ಲಾಸ್ಪತ್ರೆ ಇದೆ. ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರಿಗೇ ಸಾಕಾಗಿಹೋದರೆ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನಾಟಕ ಕಲಿಸುವ ಮೇಷ್ಟ್ರುಗಳಲ್ಲೂ ಒಂದು ಕೋರಿಕೆ: ಈ ಸಲದ ಪ್ರಾಕ್ಟೀಸಿಗೆ ನಿಮ್ಮೂರಿನ ಹಳೆಯ ದುರ್ಯೋಧನರನ್ನೂ ಕರೆಯಿರಿ. ಅವರು ಬಂದು ಕೂತಷ್ಟು ಹೊತ್ತು ಮನೆಯ ಹೆಣ್ಣುಮಗಳಿಗೆ ಬಿಡುವು ಸಿಗುತ್ತದೆ.