ಲೋಟಕ್ಕೆ ಬಂದ ರಾಗಿ ತಟ್ಟೆಗೂ ಬರಬೇಕು

ಹನೂರಿನಿಂದ ಕೌದಳ್ಳಿ ದಾಟಿ ರಾಮಾಪುರಕ್ಕೆ ಬಂದವರು ಹಾಗೇ ಮುಂದೆ ಸಾಗಿದರೆ ತಮಿಳುನಾಡಿನ ಬರಗೂರು ಕಾಡು ಸಿಗುತ್ತದೆ. ಈ ರಾಜ್ಯದ ಗಡಿ ಅಷ್ಟೇನೂ ಹಳೆಯದಲ್ಲ. ರಾಮಾಪುರವನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮುಖ್ಯಮಂತ್ರಿ ಕೆ. ಕಾಮರಾಜ್ ಮದ್ರಾಸ್ ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಶುರು ಮಾಡಿದ್ದೂ 1956ರಲ್ಲೇ. ಅನ್ನದ ಪಾತ್ರೆ ಆಚೆ ಉಳಿಯಿತು, ಕೊಳ್ಳೇಗಾಲ ಈಚೆ ಬಂತು.

ಈಚೆಗೆ ಬಂದ ಮಕ್ಕಳು ಬಹಳ ಕಾಲ ಕಾಯಬೇಕಾಯಿತು. ನಡುವೆ ಕೆಲವು ಶಾಲೆಗಳಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ಸಿಗುತ್ತಿತ್ತು; ಅದರ ರುಚಿ ಇವತ್ತಿಗೂ ಹಿರಿಯರ ನಾಲಗೆಯ ಮೇಲಿದೆ. 1995ರಲ್ಲಿ ಕೇಂದ್ರದ ಯೋಜನೆ ಬಂದಾಗ ಹಾಜರಾತಿ ನೋಡಿ ತಿಂಗಳಿಗೆ ಮೂರು ಕೆ.ಜಿ. ಧಾನ್ಯ ಮನೆಗೆ ಕೊಡಲಾಯಿತು. ಆದರೆ ಮನೆಗೆ ಹೋದ ಮೂರು ಕೆ.ಜಿ. ಅಕ್ಕಿ ಮನೆಮಂದಿಯ ಹೊಟ್ಟೆಗೆಲ್ಲ ಹಂಚಿಹೋಗುತ್ತದೆ, ಮಗುವಿನ ಪಾಲಿಗೆ ಉಳಿಯುವುದು ಎರಡು ತುತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಧಾನ್ಯವಲ್ಲ, ಬೇಯಿಸಿದ ಊಟವನ್ನೇ ಕೊಡಬೇಕು ಎಂದು ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾದ 'ಅಕ್ಷರ ದಾಸೋಹ' ಮರುವರ್ಷ ಉಳಿದ ಜಿಲ್ಲೆಗಳಿಗೂ ಹರಡಿತು. ಮಾದಪ್ಪನ ಬೆಟ್ಟದ ದಾಸೋಹ ಕಂಡ ಸೀಮೆಗೆ ಆ ಹೆಸರಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಸಿದ ಮಗು ಪಾಠದಲ್ಲಿ ತೂಕಡಿಸುವುದು ಸೋಮಾರಿತನದಿಂದಲ್ಲ. ಮನುಷ್ಯನ ಮಿದುಳು ದೇಹದ ತೂಕದಲ್ಲಿ ಚಿಕ್ಕದು, ಖರ್ಚಿನಲ್ಲಿ ದೊಡ್ಡದು. ದೊಡ್ಡವರು ಸುಮ್ಮನೆ ಕೂತಾಗ ಸುಡುವ ಶಕ್ತಿಯ ಐದನೇ ಒಂದು ಭಾಗ ಮಿದುಳಿಗೇ ಹೋಗುತ್ತದೆ. ಐದಾರು ವರ್ಷದ ಮಗುವಿನಲ್ಲಿ ಆ ಪಾಲು ಸುಮಾರು ಮೂರನೇ ಎರಡರಷ್ಟು. ಒಂದನೇ ತರಗತಿಯ ಮಗು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಮಗ್ಗಿ ಒಪ್ಪಿಸಬೇಕೆಂದರೆ, ಎಣ್ಣೆ ಮುಗಿದ ದೀಪವನ್ನು ಉರಿ ಎಂದ ಹಾಗೆ.

ಆದ್ದರಿಂದಲೇ ಪ್ರಾಥಮಿಕ ತರಗತಿಯ ಊಟಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಎಂಬ ಲೆಕ್ಕವಿದೆ. ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಈ ಲೆಕ್ಕವನ್ನು ಬಿಡಿಸಿ ನೋಡಿದರೆ 12 ಗ್ರಾಂ ಪ್ರೋಟೀನಿನಲ್ಲಿ ಹೆಚ್ಚಿನ ಪಾಲು ಅಕ್ಕಿಯದೇ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಬೇಳೆಯಲ್ಲಿ ಅದು ಹೇರಳ. ಬೇಳೆಗೆ ಕೊರತೆಯಿರುವ ಮೆಥಿಯೊನಿನ್ ಅಕ್ಕಿಯಲ್ಲಿದೆ. ಅನ್ನಕ್ಕೆ ಸಾರು ಕಲಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಗೆಂದೇ ಸಾರು ನೀರಾದರೆ ರುಚಿ ಮಾತ್ರ ಕೆಡುವುದಿಲ್ಲ, ಅನ್ನದ ಪ್ರೋಟೀನೂ ಅರ್ಧಂಬರ್ಧ ಉಳಿಯುತ್ತದೆ.

ಮೊಟ್ಟೆಗೆ ಈ ಜೋಡಿಯ ಹಂಗಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಅಂದರೆ ಊಟದ ಲೆಕ್ಕದ ಅರ್ಧದಷ್ಟು, ಬೇಕಾದ ಎಲ್ಲ ಅಮೈನೊ ಆಮ್ಲಗಳೊಡನೆ ಇದೆ. ಸೊಪ್ಪು ಕಾಳುಗಳಲ್ಲಿ ಸಿಗದ ಬಿ-12 ಕೂಡ ಇದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳು ಬೇಕೆಂದರು. ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುವ ದಾರಿ ಉಳಿಯಿತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ಮೊಟ್ಟೆ ವಾರಕ್ಕೆ ಎರಡು ದಿನದಿಂದ ಆರು ದಿನಕ್ಕೇರಿತು. ಒಂದರಿಂದ ಹತ್ತನೇ ತರಗತಿಯವರೆಗಿನ ಸರ್ಕಾರಿ, ಅನುದಾನಿತ ಶಾಲೆಗಳ 55 ಲಕ್ಷ ಮಕ್ಕಳಿಗೆ, ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಇದು ಒಳ್ಳೆಯ ಕೆಲಸ. ಆದರೆ ಮೂರು ವರ್ಷ ಮುಗಿದ ಮೇಲೂ ಮೊಟ್ಟೆ ನಿಲ್ಲಬಾರದು. ಮಗುವಿನ ಮೂಳೆ ಒಪ್ಪಂದದ ಅವಧಿ ನೋಡಿ ಬೆಳೆಯುವುದಿಲ್ಲ.

ಅಕ್ಕಿಯ ಸುತ್ತ ಒಂದು ಗಾಳಿಸುದ್ದಿ ಹಳ್ಳಿ ಹಳ್ಳಿಗೆ ಹಬ್ಬಿತ್ತು: 'ಪ್ಲಾಸ್ಟಿಕ್ ಅಕ್ಕಿ'. ಶಾಲೆಗೂ ಪಡಿತರಕ್ಕೂ ಬರುವುದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಸೇರಿಸಿ, ಯಂತ್ರದಲ್ಲಿ ಅಕ್ಕಿಕಾಳಿನ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಆ ಕಾಳು ಹಗುರ, ತೊಳೆಯುವಾಗ ಕೆಲವು ತೇಲುತ್ತವೆ. ತೇಲಿದ್ದನ್ನು ಕಸವೆಂದು ಚೆಲ್ಲಿದರೆ ಕಬ್ಬಿಣವೂ ನೀರಿನ ಜೊತೆ ಹೋದಂತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ; 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿಲ್ಲ. ಅದೇ ಮಕ್ಕಳು ನಾಳೆ ಶಾಲೆಗೆ ಬರುವವರು. ಸಾರಿಗೆ ಒಂದಿಷ್ಟು ನಿಂಬೆರಸ ಹಿಂಡಿದರೂ ವಿಟಮಿನ್ ಸಿ ಸೇರಿ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ.

ಇನ್ನು ರಾಗಿ. ಮಳೆ ನಂಬಿದ ಹನೂರು ಸೀಮೆಯ ಹೊಲಗಳಲ್ಲಿ ರಾಗಿ, ಹುರುಳಿ, ಅವರೆ ಹೊಸವಲ್ಲ. ಮನೆಯಲ್ಲಿ ಹಿಟ್ಟು ಎಂದರೆ ಮುದ್ದೆಯೇ, ಜೊತೆಗೆ ಉಪ್ಸಾರು. ಶಾಲೆಯ ತಟ್ಟೆಗೆ ಮಾತ್ರ ಎಲ್ಲಿಂದಲೋ ಬಂದ ಅಕ್ಕಿ. ನೂರು ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಂ ಆಸುಪಾಸು. ಅಷ್ಟೇ ರಾಗಿಯಲ್ಲಿ 340ಕ್ಕೂ ಹೆಚ್ಚು. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 650 ಮಿಲಿಗ್ರಾಂ. ಐವತ್ತು ಗ್ರಾಂ ರಾಗಿಹಿಟ್ಟಿನ ಒಂದು ಚಿಕ್ಕ ಮುದ್ದೆ ಅದರ ಕಾಲು ಭಾಗ ಕೊಡಬಲ್ಲದು. ರಾಗಿಯಲ್ಲಿರುವ ಫೈಟೇಟ್ ಖನಿಜಗಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದೂ ನಿಜ. ಅದಕ್ಕೆ ಅಜ್ಜಿಯರ ಬಳಿ ಪರಿಹಾರವಿತ್ತು: ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ ಮಗುವಿಗೆ ಸರಿ ಕಾಯಿಸುವುದು. ಮೊಳಕೆಯೊಡೆದಾಗ ಏಳುವ ಕಿಣ್ವಗಳು ಫೈಟೇಟನ್ನು ಒಡೆಯುತ್ತವೆ, ಪಿಷ್ಟವನ್ನೂ ಸಡಿಲಿಸುತ್ತವೆ.

ಲೋಟದ ಮಟ್ಟಿಗೆ ರಾಗಿ ಶಾಲೆಗೆ ಬಂದಾಗಿದೆ. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು ಕೊಡುತ್ತಾರೆ. 2024ರ ಫೆಬ್ರುವರಿಯಿಂದ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ನೆರವಿನಲ್ಲಿ ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿ ಮಾಲ್ಟ್ ಬೆರೆಯತೊಡಗಿತು. ತಟ್ಟೆಗೆ ಬರುವುದು ಮುಂದಿನ ಹೆಜ್ಜೆ. ಬ್ರೆಜಿಲ್ 2009ರ ಕಾನೂನಿನಲ್ಲೇ ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದ ಕನಿಷ್ಠ ಶೇ 30ರಷ್ಟನ್ನು ಸಣ್ಣ ರೈತರ ಬೆಳೆಗೆ ಮೀಸಲಿಟ್ಟಿತು. ಇಲ್ಲಿ ಸರ್ಕಾರ ಬೆಂಬಲ ಬೆಲೆಗೆ ರಾಗಿ ಕೊಂಡು ಪಡಿತರಕ್ಕೆ ಹಂಚುತ್ತಲೇ ಇದೆ. ಅದರಲ್ಲಿ ಕೆಲವು ಮೂಟೆ ಪಕ್ಕದ ಶಾಲೆಯ ಕೋಣೆಗೆ ಇಳಿಯಲು ಹೊಸ ಇಲಾಖೆಯೇನೂ ಬೇಕಿಲ್ಲ.

ಈ ಊಟದ ದೊಡ್ಡ ಗುಣ ಒಂದಿದೆ: ಯಾರ ಮನೆಯ ಕಾರ್ಡ್ ಯಾವ ಬಣ್ಣದ್ದೆಂದು ಕೇಳುವುದಿಲ್ಲ. ಫಿನ್ಲೆಂಡ್ 1943ರಲ್ಲಿ ಕಾನೂನು ಮಾಡಿ 1948ರಿಂದ ಪ್ರತಿ ಶಾಲಾ ಮಗುವಿಗೂ ಉಚಿತ ಊಟ ಕೊಡುತ್ತಿದೆ, ಅಲ್ಲೂ ಇದೇ ನಿಯಮ. ಬಡವರಿಗಷ್ಟೇ ಎಂದರೆ ಬಡ ಮಗುವಿಗೆ ಹಸಿವಿನ ಜೊತೆ ನಾಚಿಕೆಯೂ ಸೇರುತ್ತದೆ. ಸೋಲಿಗರ ಪೋಡಿನ ಹುಡುಗಿಯೂ ಊರಿನ ಕುಳದ ಮಗನೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿಯಬೇಕು. ಫಲ ಮುಂದಿನ ತಲೆಮಾರಿಗೂ ತಲುಪುತ್ತದೆ: ಬಾಲ್ಯದಲ್ಲಿ ಶಾಲೆಯ ಊಟ ಸಿಕ್ಕ ತಾಯಂದಿರ ಮಕ್ಕಳು ಎತ್ತರದಲ್ಲಿ ಮುಂದಿದ್ದಾರೆ ಎಂದು 2021ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪ್ರಕಟಿಸಿದ ಭಾರತದ ಅಧ್ಯಯನ ತೋರಿಸಿತು.

ಸಾಮೂಹಿಕ ಊಟಕ್ಕೆ ನಂಬಿಕೆ ಬೇಕು. ರಾಮಾಪುರದ ಸುತ್ತಿನವರು ಅದನ್ನು ದುಃಖದಿಂದ ಬಲ್ಲರು. 2018ರ ಡಿಸೆಂಬರ್ 14ರಂದು ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ತೀರಿಕೊಂಡರು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವನ್ನು ಶಾಸ್ತ್ರಕ್ಕೆಂದು ಮುಗಿಸಬಾರದು.

ಮುದ್ದೆಯ ಮಾತಿಗೆ ಬಂದರೆ ಅಡುಗೆಯವರನ್ನು ಮರೆಯುವಂತಿಲ್ಲ. ಇನ್ನೂರು ಮಕ್ಕಳಿಗೆ ಅನ್ನ ಮಾಡುವುದಕ್ಕೂ ಹಿಟ್ಟು ತೊಳಸುವುದಕ್ಕೂ ವ್ಯತ್ಯಾಸವಿದೆ; ಒಲೆಯ ಮುಂದೆ ನಿಂತು ಕೋಲು ತಿರುವುವ ರಟ್ಟೆ ಬೇಕು. ಅವರ ಗೌರವಧನಕ್ಕೆ ಕೇಂದ್ರ 2009ರಲ್ಲಿ ಗೊತ್ತುಮಾಡಿದ ದರ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಉಳಿದದ್ದನ್ನು ರಾಜ್ಯ ಸೇರಿಸುತ್ತ ಬಂದಿದೆ. ವಾರಕ್ಕೊಂದು ದಿನ ಮುದ್ದೆ ಎಂದು ತೀರ್ಮಾನಿಸುವವರು ರಾಗಿಯ ಮೂಟೆಯ ಜೊತೆಗೆ ಇನ್ನೊಬ್ಬ ಅಡುಗೆಯವರ ಸಂಬಳವನ್ನೂ ಅದೇ ಕಡತದಲ್ಲಿ ಬರೆಯಬೇಕಾಗುತ್ತದೆ.