ಶೆಡ್ಡಿನಲ್ಲಿ ನಿಂತ ಹಳೆಯ ಮೋಟಾರು: ನೆನಪಿನ ಬೆಲೆ ಮತ್ತು ಲೆಕ್ಕದ ಬೆಲೆ

ಬೆಳಗಾವಿಯಿಂದ ಖಾನಾಪುರದತ್ತ ಸಾಗುವ ರಸ್ತೆಯಲ್ಲಿ ಪ್ರತಿದಿನ ಸಾವಿರಾರು ಹೊಸ ವಾಹನಗಳು ಓಡಾಡುತ್ತವೆ. ಅವುಗಳ ನಡುವೆ ಎಂದಾದರೊಮ್ಮೆ ದುಂಡು ಮೈಕಟ್ಟಿನ ಹಳೆಯ ಕಾರೊಂದು ಎದುರಾದರೆ, ಐವತ್ತರ ವಯಸ್ಸು ದಾಟಿದ ವ್ಯಾಪಾರಸ್ಥರ ಕಣ್ಣು ತಾನಾಗಿಯೇ ಅತ್ತ ಹೊರಳುತ್ತದೆ. ಲ್ಯಾಂಡ್‌ಮಾಸ್ಟರೋ, ಹೆರಾಲ್ಡೋ ಎಂಬ ಚರ್ಚೆ ಅಲ್ಲಿಯೇ ಆರಂಭವಾಗುತ್ತದೆ. ಇಂತಹ ಕಾರುಗಳ ಪೈಕಿ ರಸ್ತೆಯ ಮೇಲಿರುವವು ಕೆಲವೇ ಕೆಲವು. ಉಳಿದವು ಹಳೆಯ ಅಂಗಡಿಗಳ ಹಿಂದಿನ ಶೆಡ್ಡುಗಳಲ್ಲಿ, ಗೋದಾಮಿನ ಮೂಲೆಯಲ್ಲಿ, ಹಳ್ಳಿಯ ಮನೆಯ ಕೊಟ್ಟಿಗೆಯಲ್ಲಿ ಧೂಳು ಹೊದ್ದು ನಿಂತಿರುತ್ತವೆ. ಅಲ್ಲಿಂದ ಮುಂದೆ ಅವು ಗುಜರಿಗೆ ಹೋಗಬೇಕೋ, ಸಂಗ್ರಾಹಕರ ಕೈಸೇರಬೇಕೋ, ಮನೆಯಲ್ಲಿಯೇ ಉಳಿಯಬೇಕೋ ಎಂಬ ತೀರ್ಮಾನವನ್ನು ಬಹುತೇಕ ಕುಟುಂಬಗಳು ಒಂದೇ ಮಧ್ಯಾಹ್ನದಲ್ಲಿ, ಕಾಗದಪತ್ರಗಳನ್ನು ನೋಡದೆಯೇ ಕೈಗೊಳ್ಳುತ್ತವೆ. ಅದರಿಂದಾಗುವ ನಷ್ಟ ಸಣ್ಣದಲ್ಲ.

ಈ ಕಾರುಗಳು ನಮ್ಮ ಭಾಗಕ್ಕೆ ಬಂದ ಬಗೆಯನ್ನು ಮೊದಲು ತಿಳಿಯುವುದು ಒಳ್ಳೆಯದು. ಬೆಳಗಾವಿ ಹಳೆಯ ದಂಡಿನ ಊರು. ಪುಣೆ–ಬೆಂಗಳೂರು ಹೆದ್ದಾರಿ ಅದರ ಮಗ್ಗುಲಲ್ಲಿಯೇ ಹಾದುಹೋಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಿಲ್ಲೆಯು ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಇಲ್ಲಿಯ ವ್ಯಾಪಾರದ ಮುಖವೂ ಮುಂಬಯಿಯ ಕಡೆಗಿತ್ತು. ಅತ್ತ ಖಾನಾಪುರವು ಅಕ್ಕಿ, ಹಂಚು ಮತ್ತು ಕಾಡಿನ ಮರದ ವ್ಯವಹಾರದ ತಾಲೂಕು. ಲೋಂಡಾದ ಕಡೆಯಿಂದಲೂ ಜಾಂಬೋಟಿ–ಕಣಕುಂಬಿಯ ಕಡೆಯಿಂದಲೂ ಗೋವೆಗೆ ಇಳಿಯುವ ದಾರಿಗಳು ಅಲ್ಲಿವೆ. 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಆಡಳಿತದಲ್ಲಿದ್ದ ಗೋವೆಗೆ ಭಾರತದ ಆಮದು ನಿರ್ಬಂಧಗಳು ಅನ್ವಯಿಸುತ್ತಿರಲಿಲ್ಲವಾದ್ದರಿಂದ, ನಮ್ಮಲ್ಲಿ ಕಾಣದ ವಿದೇಶಿ ವಾಹನಗಳು ಘಟ್ಟದ ಕೆಳಗೆ ಸಾಮಾನ್ಯವಾಗಿದ್ದವು.

ನಮ್ಮ ಹಿರಿಯರು "ದೇಶಿ ಕಾರು" ಎಂದು ಕೊಂಡವುಗಳಲ್ಲಿ ಹೆಚ್ಚಿನವು ಜನ್ಮತಃ ಇಂಗ್ಲೆಂಡಿನವು. 1942ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಮೋಟರ್ಸ್ ಮೊದಲು ಗುಜರಾತಿನ ಓಖಾ ಬಂದರಿನಲ್ಲಿ, ಬಳಿಕ ಬಂಗಾಳದ ಉತ್ತರಪಾಡಾದಲ್ಲಿ ಮೋರಿಸ್ ಕಂಪನಿಯ ಮಾದರಿಗಳನ್ನು ತಯಾರಿಸಿತು. ಮೋರಿಸ್ ಟೆನ್ ಇಲ್ಲಿ ಹಿಂದುಸ್ತಾನ್ ಟೆನ್ ಆಯಿತು, ಮೋರಿಸ್ ಮೈನರ್ ಬೇಬಿ ಹಿಂದುಸ್ತಾನ್ ಆಯಿತು. ಮೋರಿಸ್ ಆಕ್ಸ್‌ಫರ್ಡ್‌ನ ಎರಡನೆಯ ಆವೃತ್ತಿಯೇ 1954ರ ಲ್ಯಾಂಡ್‌ಮಾಸ್ಟರ್, ಮೂರನೆಯದೇ ಅಂಬಾಸಿಡರ್. ಮದರಾಸಿನಲ್ಲಿ 1948ರಲ್ಲಿ ಆರಂಭವಾದ ಅಶೋಕ್ ಮೋಟರ್ಸ್ ಮೊದಲು ಜೋಡಿಸಿದ್ದು ಆಸ್ಟಿನ್ ಕಾರುಗಳನ್ನು. ಲಾರಿಗಳಿಗೆ ಹೆಸರಾದ ಅಶೋಕ್ ಲೇಲ್ಯಾಂಡ್ ಅದರ ಮುಂದಿನ ರೂಪ. ಅದೇ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯು ವ್ಯಾನ್‌ಗಾರ್ಡ್ ಮತ್ತು ಸ್ಟ್ಯಾಂಡರ್ಡ್ ಟೆನ್ ಕಾರುಗಳ ಬಳಿಕ 1961ರಿಂದ ಹೆರಾಲ್ಡ್ ಕಾರನ್ನು ಹೊರತಂದಿತು. ಕೇವಲ ಜೋಡಣೆ ಸಾಲದು, ತಯಾರಿಕೆಯೂ ಇಲ್ಲಿಯೇ ನಡೆಯಬೇಕೆಂದು ಕೇಂದ್ರ ಸರ್ಕಾರ 1953ರಲ್ಲಿ ನೀತಿ ರೂಪಿಸಿದಾಗ ಅಮೆರಿಕದ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಹಿಂದೆ ಸರಿದವು. ಆಮೇಲಿನ ಮೂರು ದಶಕ ಗ್ರಾಹಕನ ಮುಂದಿದ್ದ ಆಯ್ಕೆ ಮೂರು: ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್. ಫಿಯಟ್ ಮಾತ್ರ ಇಟಲಿಯದು.

ಆ ಕಾಲದಲ್ಲಿ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಬೆಲೆಯನ್ನು ಸರ್ಕಾರ ನಿಗದಿಪಡಿಸುತ್ತಿತ್ತು. ಆ ಕುರಿತ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1971ರಲ್ಲಿ ತೀರ್ಪು ಕಂಡಿತು. ಸರದಿ ಬಂದು ಕೈಗೆ ಸಿಕ್ಕ ಕಾರನ್ನು ಮರುದಿನವೇ ಹೆಚ್ಚಿನ ಬೆಲೆಗೆ ಮಾರಬಹುದಾಗಿದ್ದ ಕಾಲವದು. ಆದುದರಿಂದ ಪೇಟೆಯ ಬಹಳಷ್ಟು ಅಂಗಡಿಗಳು ಕಾರನ್ನು ಮನೆಯ ಯಜಮಾನರ ಹೆಸರಿನಲ್ಲಿ ಕೊಳ್ಳದೆ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಕೊಂಡವು. ದಿವಾಣಜಿ ಅದನ್ನು ಆಸ್ತಿಯ ಕಡೆ ಬರೆದು ವರ್ಷವರ್ಷವೂ ಸವಕಳಿ ತೆಗೆದರು. ಇಂದಿನ ತೊಡಕಿನ ಮೂಲ ಇರುವುದು ಈ ಒಂದು ನಮೂದಿನಲ್ಲಿ.

ಸವಕಳಿಯ ಲೆಕ್ಕವನ್ನೇ ನೋಡಿರಿ. ಒಂದು ಲಕ್ಷ ರೂಪಾಯಿಯ ಕಾರಿಗೆ ಇಂದಿನ ಶೇ. 15ರ ದರದಲ್ಲಿ ಇಳಿಮುಖ ಬಾಕಿಯ ಪದ್ಧತಿಯಂತೆ ಸವಕಳಿ ತೆಗೆಯುತ್ತ ಹೋದರೆ, ಹತ್ತು ವರ್ಷಕ್ಕೆ ಪುಸ್ತಕದಲ್ಲಿ ಉಳಿಯುವುದು 19,687 ರೂಪಾಯಿ, ಇಪ್ಪತ್ತು ವರ್ಷಕ್ಕೆ 3,876, ಮೂವತ್ತಕ್ಕೆ 763. ಅಢಾವೆ ಪತ್ರಿಕೆ ನೋಡಿದವರಿಗೆ ಕಾರು ಇದ್ದೂ ಇಲ್ಲದಂತೆ. ಗುಜರಿಯವನು ತೂಕದ ಲೆಕ್ಕದಲ್ಲಿ ಕೊಡುವ ಹಣ ಪುಸ್ತಕದ ಬೆಲೆಯ ಹಲವು ಪಟ್ಟು ಇರುವುದರಿಂದ ಮಾಲೀಕನಿಗೆ ಅದು ಲಾಭವೆಂದೇ ತೋರುತ್ತದೆ. ಆದರೆ ಪುಸ್ತಕದ ಬೆಲೆಯು ವೆಚ್ಚವನ್ನು ವರ್ಷಗಳಿಗೆ ಹಂಚುವ ಕ್ರಮವೇ ಹೊರತು ಪೇಟೆಯ ಬೆಲೆಯನ್ನು ಅಳೆಯುವ ಮಾನದಂಡವಲ್ಲ. 2014ರ ಮೇ ತಿಂಗಳಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಮೂರು ವರ್ಷದ ಬಳಿಕ, 2017ರಲ್ಲಿ, ಆ ಹೆಸರನ್ನಷ್ಟೇ ಫ್ರಾನ್ಸಿನ ಪ್ಯೂಜೊ ಸಮೂಹವು 80 ಕೋಟಿ ರೂಪಾಯಿಗೆ ಖರೀದಿಸಿತು. ಕಾರಿಲ್ಲ, ಕಾರ್ಖಾನೆಯಿಲ್ಲ, ಬರಿಯ ಹೆಸರಿಗೆ ಇಷ್ಟು!

ಹಾಗೆಂದು ಶೆಡ್ಡಿನಲ್ಲಿರುವ ಪ್ರತಿಯೊಂದು ಹಳೆಯ ಕಾರೂ ಬಂಗಾರವಲ್ಲ. ಗುರುತಿಸುವ ಕಣ್ಣು ಬೇಕು. ಹಿಂಬದಿಯ ಎರಡು ಮೂಲೆಗಳಲ್ಲಿ ಸಣ್ಣ ರೆಕ್ಕೆಯಂತಹ ಏರು ಇದ್ದರೆ ಅದು ಅಂಬಾಸಿಡರ್. ಹಿಂಭಾಗ ದುಂಡಗೆ ಇಳಿದಿದ್ದರೆ ಲ್ಯಾಂಡ್‌ಮಾಸ್ಟರ್ ಇರುವ ಸಂಭವ ಹೆಚ್ಚು. ಅಂಬಾಸಿಡರ್‌ಗಳು 2014ರವರೆಗೆ ತಯಾರಾದುದರಿಂದ ಅವು ವಿರಳವಲ್ಲ, ಆದರೆ ಮೊದಲ ಆವೃತ್ತಿಯವು ವಿರಳ. ಹೆರಾಲ್ಡ್‌ನ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಮೆಕ್ಯಾನಿಕ್ಕು ಚಕ್ರದ ಮೇಲೆ ಕುಳಿತೇ ಎಂಜಿನ್ನಿನ ಕೆಲಸ ಮಾಡಬಹುದಾಗಿತ್ತು. ಬಾಗಿಲ ಕಂಬದಿಂದ ಹೊರಚಾಚುವ ಕೈಯಂತಹ ದಿಕ್ಸೂಚಕವಿದ್ದರೆ ವಾಹನ ಇನ್ನೂ ಹಳೆಯದು. ನೋಂದಣಿ ಸಂಖ್ಯೆಯೂ ವಯಸ್ಸನ್ನು ಹೇಳುತ್ತದೆ. ಕೆ.ಎ. 22 ಎಂಬ ಸರಣಿ ಬಂದದ್ದು 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಂದು ಜಾರಿಯಾದ ಮೇಲೆ. ಎಂ.ವೈ. ಅಕ್ಷರಗಳ ಫಲಕವಿದ್ದರೆ ಅದು ಮೈಸೂರು ರಾಜ್ಯವೆಂಬ ಹೆಸರಿದ್ದ ಕಾಲದ್ದು.

ಈ ಭಾಗದಲ್ಲಿ ಕಾರಿನ ದೊಡ್ಡ ಶತ್ರು ಮಳೆ. ಕಣಕುಂಬಿಯ ಸುತ್ತ ಸುರಿಯುವ ಮಳೆ ರಾಜ್ಯದಲ್ಲಿಯೇ ಅತಿ ಹೆಚ್ಚಿನವುಗಳಲ್ಲೊಂದು. ಖಾನಾಪುರದ ಶೆಡ್ಡಿನಲ್ಲಿ ನಾಲ್ಕು ಮಳೆಗಾಲ ನೆಲಕ್ಕೆ ಅಂಟಿ ನಿಂತ ಕಾರಿನ ತಳದ ತಗಡು ಉಳಿಯುವುದು ಕಷ್ಟ. ಎಂಜಿನ್ನು ಸಿಕ್ಕೀತು, ತಗಡು ಸಿಗದು ಎಂಬುದು ಗ್ಯಾರೇಜಿನವರ ಅನುಭವ. ಇಟ್ಟುಕೊಳ್ಳುವ ಮನಸ್ಸಿದ್ದರೆ ಕಾರನ್ನು ಕಲ್ಲು ಅಥವಾ ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸುವುದೇ ಮೊದಲ ಖರ್ಚಾಗಬೇಕು.

ಇನ್ನು ಕಾನೂನು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಮಾಡಿದ ತಿದ್ದುಪಡಿಯು "ವಿಂಟೇಜ್ ಮೋಟಾರು ವಾಹನ" ಎಂಬ ಪ್ರತ್ಯೇಕ ವರ್ಗವನ್ನು ಸೃಷ್ಟಿಸಿದೆ. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿಯೇ ಉಳಿದ, ವಾಣಿಜ್ಯೇತರ ಉಪಯೋಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರಲ್ಲಿ ಬರುತ್ತವೆ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ನವೀಕರಣಕ್ಕೆ 5,000 ರೂಪಾಯಿ. ಹಳೆಯ ನೋಂದಣಿ ಸಂಖ್ಯೆ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ಇಂತಹ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಿಕೆ ಇಂತಹ ಕಾರಣಗಳಿಗಷ್ಟೇ ರಸ್ತೆಗೆ ತರಬಹುದು.

ಬೆಳಗಾವಿ ಭಾಗದ ಕಾರುಗಳಿಗೆ ಇಲ್ಲೊಂದು ಗಂಭೀರ ಅಡಚಣೆಯಿದೆ. ಚಾಸಿ, ಮೈಕಟ್ಟು ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಮಾಡಿದ್ದರೆ ವಾಹನವು ವಿಂಟೇಜ್ ಆಗದು. ಪೆಟ್ರೋಲಿನ ಬೆಲೆ ಏರಿದ ವರ್ಷಗಳಲ್ಲಿ ಅಂಬಾಸಿಡರ್‌ಗಳ ಮೂಲ ಎಂಜಿನ್ನು ಇಳಿಸಿ ಡೀಸೆಲ್ ಎಂಜಿನ್ನು ಕೂರಿಸುವುದು ಎಲ್ಲೆಡೆ ರೂಢಿಯಾಗಿತ್ತು. ಕಾರು ಬಾಡಿಗೆಗೆ ಓಡಿ ಹೊಟ್ಟೆ ಹೊರೆದದ್ದು ಆ ಡೀಸೆಲ್ ಎಂಜಿನ್ನಿನಿಂದ. ಇಂದು ವಿಂಟೇಜ್ ಮನ್ನಣೆ ತಪ್ಪುವುದೂ ಅದರಿಂದಲೇ. ಇಳಿಸಿದ ಮೂಲ ಎಂಜಿನ್ನು ಗ್ಯಾರೇಜಿನ ಹಿಂದೆ ಇನ್ನೂ ಬಿದ್ದಿದೆಯೇ ಎಂದು ವಿಚಾರಿಸುವುದು ಉಚಿತ.

ವಿಂಟೇಜ್ ವರ್ಗಕ್ಕೆ ಸೇರದ ಕಾರನ್ನು ಸಾಮಾನ್ಯ ನೋಂದಣಿಯಲ್ಲಿಯೇ ಮುಂದುವರಿಸಬಹುದು. ಆದರೆ 2022ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನ ಅಧಿಸೂಚನೆಯು 20 ವರ್ಷ ಮೀರಿದವಕ್ಕೆ ಅದನ್ನು 10,000 ರೂಪಾಯಿ ಮಾಡಿತು. ಇಡಿಯಾಗಿ ಆಮದಾದ ಕಾರೆಂದು ದಾಖಲಾಗಿದ್ದರೆ ಶುಲ್ಕ 80,000 ರೂಪಾಯಿ. ಹಸಿರು ತೆರಿಗೆ ಬೇರೆ. ಹೀಗಾಗಿ ಇಂಗ್ಲೆಂಡಿನಿಂದಲೇ ಬಂದ ಹಳೆಯ ಆಸ್ಟಿನ್ ಅಥವಾ ಮೋರಿಸ್ ಇದ್ದವರಿಗೆ ವಿಂಟೇಜ್ ನೋಂದಣಿಯೇ ಅಗ್ಗ. ಬ್ರಿಟನ್ನಿನಲ್ಲಿ 40 ವರ್ಷ ಮೀರಿದ ಕಾರಿಗೆ ರಸ್ತೆ ತೆರಿಗೆಯನ್ನೇ ಮನ್ನಾ ಮಾಡುತ್ತಾರೆ. ನಮ್ಮಲ್ಲಿ ಹಳತಾದಷ್ಟೂ ಶುಲ್ಕ ಹೆಚ್ಚು.

ವಿಮೆಯಲ್ಲಿ ಇದೇ ಶಬ್ದಕ್ಕೆ ಬೇರೆ ಅರ್ಥವಿದೆ ಎಂಬುದನ್ನು ಮರೆಯಬಾರದು. ಇಂಡಿಯಾ ಮೋಟರ್ ಟ್ಯಾರಿಫ್‌ನ ಪ್ರಕಾರ ವಿಂಟೇಜ್ ಎಂದರೆ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾದ ಕಾರು. ಅದಕ್ಕಿಂತ ಈಚಿನದಾದರೆ ವಿಮಾ ಮೌಲ್ಯವನ್ನು ಕಂಪನಿಯೊಡನೆ ಮಾತನಾಡಿ, ಬರಹದಲ್ಲಿ ಒಪ್ಪಿಗೆ ಪಡೆದುಕೊಳ್ಳಬೇಕು.

ಮಾರಾಟದ ಪ್ರಶ್ನೆ ಬಂದಾಗ ಮೊದಲು ಕೇಳಬೇಕಾದದ್ದು ಒಂದೇ: ಕಾರು ಯಾರದು? ಸಂಸ್ಥೆಯದಾಗಿದ್ದು ಸವಕಳಿ ತೆಗೆದಿದ್ದರೆ, ಮಾರಿದ ಹಣವನ್ನು ಅದೇ ದರದ ಆಸ್ತಿಗಳ ಗುಂಪಿನ ಬಾಕಿಯಿಂದ ಕಳೆಯಬೇಕು. ಶೇ. 15ರ ಗುಂಪಿನಲ್ಲಿ ಸಾಮಾನ್ಯ ಯಂತ್ರೋಪಕರಣಗಳೂ ಸೇರುವುದರಿಂದ, ಕಾರ್ಖಾನೆಯುಳ್ಳವರಿಗೆ ತಕ್ಷಣದ ತೆರಿಗೆ ಬಾರದೆ ಮುಂದಿನ ಸವಕಳಿ ಮಾತ್ರ ತಗ್ಗುತ್ತದೆ. ಬರಿಯ ಅಂಗಡಿಯಿದ್ದು ಗುಂಪಿನ ಬಾಕಿ ಕೆಲವು ನೂರು ರೂಪಾಯಿಯಷ್ಟೇ ಇದ್ದರೆ, ಹೆಚ್ಚುವರಿ ಮೊತ್ತವೆಲ್ಲ ಅಲ್ಪಾವಧಿ ಬಂಡವಾಳ ಲಾಭವಾಗುತ್ತದೆ. ಕಾರು ಅರುವತ್ತು ವರ್ಷ ಶೆಡ್ಡಿನಲ್ಲಿದ್ದರೂ ಅದು ಅಲ್ಪಾವಧಿಯೇ! ಜೊತೆಗೆ, ಜಿ.ಎಸ್.ಟಿ. ನೋಂದಾಯಿತ ಸಂಸ್ಥೆಯು 2025ರ ಜನವರಿ 25ರಿಂದ ಮಾರಾಟ ಬೆಲೆಗೂ ಪುಸ್ತಕದ ಬೆಲೆಗೂ ಇರುವ ಅಂತರದ ಮೇಲೆ ಶೇ. 18ರಷ್ಟು ತೆರಿಗೆ ಕೊಡಬೇಕಾಗಿದೆ.

ಕಾರು ವ್ಯಕ್ತಿಯದಾಗಿದ್ದರೆ ಚಿತ್ರ ಬೇರೆ. ಸ್ವಂತ ಬಳಕೆಯ ವಸ್ತುಗಳು ಬಂಡವಾಳ ಆಸ್ತಿಯ ವ್ಯಾಖ್ಯೆಯಿಂದ ಹೊರಗಿರುವುದರಿಂದ ಲಾಭಕ್ಕೆ ತೆರಿಗೆಯಿಲ್ಲ. ಆದರೆ ಈ ವಿನಾಯಿತಿಯನ್ನು ಹಗುರವಾಗಿ ಪರಿಗಣಿಸುವಂತಿಲ್ಲ. 1983ರಲ್ಲಿ 20,000 ರೂಪಾಯಿಗೆ ಕೊಂಡ 1931ರ ಮಾದರಿಯ ಫೋರ್ಡ್ ಕಾರನ್ನು 21 ಲಕ್ಷಕ್ಕೆ ಮಾರಿದ ಪ್ರಕರಣವೊಂದು ದಶಕಗಳ ಕಾಲ ನಡೆದು, 2025ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಮಾಲೀಕರ ವಿರುದ್ಧ ತೀರ್ಮಾನವಾಯಿತು. ಕಾರು ಸ್ವಂತ ಬಳಕೆಗೆ ಯೋಗ್ಯವಾಗಿತ್ತೆಂದರೆ ಸಾಲದು, ನಿಜವಾಗಿ ಬಳಸಿದ್ದಕ್ಕೆ ಸಾಕ್ಷ್ಯ ಬೇಕೆಂಬುದು ಅದರ ಸಾರ. ಆದುದರಿಂದ ಪೆಟ್ರೋಲ್ ಬಂಕಿನ ರಸೀದಿ, ಗ್ಯಾರೇಜಿನ ಬಿಲ್ಲು, ವಿಮೆಯ ಕಾಗದ, ಮದುವೆಯಲ್ಲಿ ಕಾರಿನ ಮುಂದೆ ನಿಂತು ತೆಗೆಸಿದ ಭಾವಚಿತ್ರ — ಇವೆಲ್ಲವನ್ನೂ ಒಂದು ಕಡತದಲ್ಲಿಡುವುದು ಜಾಣತನ. ಸಾಕ್ಷ್ಯ ಸಾಲದೆ ಹೋದರೆ ದೀರ್ಘಾವಧಿ ಲಾಭದ ಮೇಲೆ, 2024ರ ಜುಲೈ 23ರ ನಂತರದ ಮಾರಾಟಗಳಿಗೆ, ಶೇ. 12.5ರ ತೆರಿಗೆ ಬೀಳುತ್ತದೆ.

ಎಲ್ಲಕ್ಕಿಂತ ಕಠಿಣವಾದುದು ವಿಸರ್ಜನೆಯಾದ ಪಾಲುದಾರಿಕೆಯ ಹೆಸರಿನಲ್ಲಿಯೇ ಉಳಿದ ಆರ್.ಸಿ. ಪುಸ್ತಕ. ಸಹಿ ಮಾಡಬೇಕಾದವರೇ ಇಲ್ಲ. ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ಅದನ್ನು ಪಾಲಿಸಿದ ಮನೆಗಳು ಕಡಿಮೆ. ವಿಸರ್ಜನಾ ಪತ್ರದಲ್ಲಿ ಕಾರು ಯಾರ ಪಾಲಿಗೆ ಎಂಬ ಒಂದು ಸಾಲು ಇದ್ದರೆ ದಾರಿ ಸುಗಮ. ಇಲ್ಲದಿದ್ದರೆ ಉಳಿದ ಪಾಲುದಾರರು ಬದುಕಿರುವಾಗಲೇ ಪೂರಕ ಪತ್ರ ಬರೆಸಿಕೊಳ್ಳಬೇಕು. ಗುಜರಿಗೆ ಕೊಟ್ಟು ನೋಂದಣಿ ರದ್ದಾದ ಚಾಸಿಯನ್ನಂತೂ ಮತ್ತೆ ರಸ್ತೆಗೆ ತರಲಾಗದು.

ನಮ್ಮ ಸಣ್ಣ ಕೈಗಾರಿಕೆಗಳಿಗೆ ಇದರಲ್ಲಿ ಇನ್ನೊಂದು ವಿಷಯವೂ ಇದೆ. ಇಂಗ್ಲೆಂಡಿನ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆಯು 1980ರಲ್ಲಿಯೇ ತಯಾರಿಕೆ ನಿಂತ ಎಂ.ಜಿ.ಬಿ. ಕಾರಿನ ಹೊಸ ಮೈಕಟ್ಟುಗಳನ್ನು ಮೂಲ ಅಚ್ಚುಗಳಿಂದಲೇ 1988ರಿಂದ ತಯಾರಿಸಿ ಮಾರುತ್ತ ಬಂದಿದೆ. ಉದ್ಯಮಬಾಗ ಮತ್ತು ಮಚ್ಛೆಯ ಫೌಂಡ್ರಿಗಳಿಗೆ, ಲೇತ್ ಶಾಪುಗಳಿಗೆ ಹಳೆಯ ಕಾರಿನ ಬುಶ್ಶು, ಕಿಂಗ್‌ಪಿನ್ನು, ಬ್ರೇಕ್ ಡ್ರಮ್ಮು, ಮ್ಯಾನಿಫೋಲ್ಡುಗಳ ಎರಕ ಮತ್ತು ಕೆಲಸ ಹೊಸದೇನಲ್ಲ. ಮಾದರಿ ತುಂಡು ಕೈಗಿತ್ತರೆ ಒಂದೆರಡು ದಿನದಲ್ಲಿ ಮಾಡಿಕೊಡುವವರು ಇಲ್ಲಿದ್ದಾರೆ. ತೊಡಕು ಇರುವುದು ಸಂಖ್ಯೆಯಲ್ಲಿ. ಒಂದು ಊರಿನ ಬೇಡಿಕೆ ನಾಲ್ಕೈದು ನಗ. ಅಷ್ಟಕ್ಕೆ ಪ್ಯಾಟರ್ನ್ ಮಾಡಿಸಿದರೆ ಖರ್ಚು ಹುಟ್ಟದು. ಮುಂಬಯಿ, ಪುಣೆ, ಬೆಂಗಳೂರು, ಚೆನ್ನೈಗಳ ಸಂಗ್ರಾಹಕರಿಂದ ಬೇಡಿಕೆಯನ್ನು ಮೊದಲೇ ಒಟ್ಟುಗೂಡಿಸಿ ಐವತ್ತು, ನೂರರ ತಂಡದಲ್ಲಿ ಎರಕ ಹೊಯ್ದರೆ ಲೆಕ್ಕ ಬೇರೆಯಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಎರಡನೆಯ ಮಹಾಯುದ್ಧದ ಆಸುಪಾಸಿನ ಇಂಗ್ಲಿಷ್ ಕಾರುಗಳ ಬೋಲ್ಟು, ನಟ್ಟುಗಳಲ್ಲಿ ಹಲವು ವಿಟ್‌ವರ್ತ್ ಮತ್ತು ಬಿ.ಎಸ್.ಎಫ್. ಅಳತೆಯವು. ಇಂದಿನ ಮೆಟ್ರಿಕ್ ಟ್ಯಾಪು ಹಾಕಿದರೆ ಎಳೆ ಹಾಳಾಗುತ್ತದೆ. ಹಳೆಯ ವರ್ಕ್‌ಶಾಪುಗಳಲ್ಲಿ ತುಕ್ಕು ಹಿಡಿದು ಬಿದ್ದಿರುವ ವಿಟ್‌ವರ್ತ್ ಟ್ಯಾಪು, ಡೈ ಮತ್ತು ಸ್ಪ್ಯಾನರುಗಳ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಬೇಕು.